ಸಂಗೀತದಲ್ಲಿ ಪಂಕ್ತಿಭೇದ

ಗೋವೆಯಲ್ಲಿ ನೆಲೆಸಿದ ಕನ್ನಡಿಗರಾದ ನಮ್ಮಲ್ಲಿ ಒಂದು ಮಾತು ವಾಡಿಕೆಯಾಗಿಬಿಟ್ಟಿದೆ. ಡ್ರಮ್ಮು, ಸ್ಯಾಕ್ಸೋಫೋನುಗಳ ಧ್ವನಿ ಕಿವಿಗೆ ಬಿದ್ದೊಡನೆ “ಇದು ಪಾಶ್ಚಾತ್ಯರ ಗದ್ದಲ, ಪೋರ್ತುಗೀಸರು ಬಿಟ್ಟುಹೋದ ಚಾಳಿ” ಎಂದು ಮೂಗು ಮುರಿಯುತ್ತೇವೆ. ಈ ಮಾತು ಅಜ್ಞಾನದ್ದು ಮಾತ್ರವಲ್ಲ, ಅನ್ಯಾಯದ್ದೂ ಹೌದು.

ಆ ಲಯದ ತವರು ಲಿಸ್ಬನ್ನಿನ ಅರಮನೆಯಲ್ಲ. ಆಫ್ರಿಕದಿಂದ ಹಡಗುಗಳಲ್ಲಿ ಹೇರಿ ಒಯ್ದ ಗುಲಾಮರ ಸಂತತಿಯವರು ಅಮೆರಿಕದ ದಕ್ಷಿಣದ ಹತ್ತಿಯ ಹೊಲಗಳಲ್ಲಿ ದುಡಿಯುತ್ತ ಹಾಡಿದ ಹಾಡೇ ಅದರ ಬೇರು. ಒಬ್ಬನು ಕೂಗುವನು, ಉಳಿದವರು ಓಗೊಡುವರು. ನಾಟಿಯ ಹಾಡನ್ನೂ ಭಜನೆಯ ಮೇಳವನ್ನೂ ಬಲ್ಲ ನಮಗೆ ಈ ಕ್ರಮ ಅಪರಿಚಿತವೆ? ಅದರಿಂದ ‘ಬ್ಲೂಸ್’ ಹುಟ್ಟಿತು. ಅದರ ವಾಡಿಕೆಯ ಕಟ್ಟು ಹನ್ನೆರಡು ಆವರ್ತಗಳದು. ಒಂದು ಸಾಲನ್ನು ಎರಡು ಸಲ ಹಾಡಿ ಮೂರನೆಯದರಲ್ಲಿ ಉತ್ತರ ಕೊಡುವುದು ಅದರ ರೀತಿ. ಅದರ ಗಾಂಧಾರ, ನಿಷಾದಗಳು ಪೂರ್ಣ ಶುದ್ಧವೂ ಅಲ್ಲ, ಪೂರ್ಣ ಕೋಮಲವೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊಲ ಬಿಟ್ಟು ಶಿಕಾಗೊ, ಲಾಸ್ ಏಂಜಲೀಸ್‌ಗಳ ಕಾರ್ಖಾನೆ ಸೇರಿದವರೊಡನೆ ಈ ಹಾಡೂ ನಗರ ಸೇರಿತು. ವಿದ್ಯುತ್ ಗಿಟಾರು ಜೊತೆಯಾಯಿತು, ನಾಲ್ಕು ಮಾತ್ರೆಗಳಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಬಲವಾದ ಪೆಟ್ಟು ಬಿತ್ತು.

ವ್ಯಾಪಾರಿಗಳು ಮಾತ್ರ ಕಪ್ಪು ಜನರ ಮುದ್ರಿಕೆಗಳನ್ನು 1920ರ ದಶಕದಿಂದಲೇ ‘ರೇಸ್ ರೆಕಾರ್ಡ್ಸ್’ ಎಂದು ಕರೆದು ಬೇರೆ ಪಂಕ್ತಿಯಲ್ಲಿ ಕೂರಿಸಿದ್ದರು. 1949ರಲ್ಲಿ ಜೆರ್ರಿ ವೆಕ್ಸ್ಲರ್ ಸೂಚಿಸಿದಂತೆ ‘ಬಿಲ್‌ಬೋರ್ಡ್’ ಪತ್ರಿಕೆ ಅದನ್ನು ‘ರಿದಂ ಅಂಡ್ ಬ್ಲೂಸ್’ ಎಂದಿತು. ಹೆಸರು ಬದಲಾಯಿತು, ಪಂಕ್ತಿ ಬದಲಾಗಲಿಲ್ಲ. ಬಿಗ್ ಮಾಮಾ ಥಾರ್ನ್‌ಟನ್ 1952ರಲ್ಲಿ ಮೊದಲು ಹಾಡಿದ ‘ಹೌಂಡ್ ಡಾಗ್’ 1956ರಲ್ಲಿ ಬಿಳಿಯ ಗಾಯಕ ಎಲ್ವಿಸ್ ಪ್ರೆಸ್ಲಿಯ ಕಂಠದಿಂದ ಲೋಕವಿಖ್ಯಾತವಾಯಿತು. ಇಂದು ಆಕೆಯನ್ನು ನೆನೆಯುವವರೆಷ್ಟು ಮಂದಿ?

ಇನ್ನು ಪೋರ್ತುಗೀಸರ ಮಾತು. ಗೋವೆಯ ಇಗರ್ಜಿಯ ಶಾಲೆಗಳು ಪಿಟೀಲನ್ನೂ ಸ್ವರಲಿಪಿಯನ್ನೂ ಕಲಿಸಿದವು, ನಿಜ. ಆದರೆ ಬ್ಲೂಸಿನ ಒಡಹುಟ್ಟಾದ ಜಾಝಿನ ಲಯವನ್ನು ನಮ್ಮವರು ಕಲಿತದ್ದು 1930ರ ದಶಕದಲ್ಲಿ ಮುಂಬಯಿಯ ತಾಜ್ ಮಹಲ್ ಹೋಟೆಲಿಗೆ ಬಂದ ಲಿಯಾನ್ ಆಬೆ, ಟೆಡ್ಡಿ ವೆದರ್‌ಫರ್ಡ್ ಮೊದಲಾದ ಕಪ್ಪು ವಾದಕರಿಂದ. ಅಲ್ದೋಣೆಯ ಚಿಕ್ ಚಾಕೊಲೇಟ್, ಮಜೋರ್ಡೆಯ ಆಂಥೋನಿ ಗೊನ್ಸಾಲ್ವಿಸ್ ಹಿಂದೀ ಚಿತ್ರಗಳ ವಾದ್ಯಮೇಳವನ್ನು ಬೆಳೆಸಿದರು. ಬೆಳ್ಳಿತೆರೆಯಲ್ಲಿ ಮೆರೆದುದು ಸಂಗೀತ ನಿರ್ದೇಶಕರ ಹೆಸರು, ವಾದ್ಯಸಂಯೋಜಕರದಲ್ಲ. 1977ರ ‘ಅಮರ್ ಅಕ್ಬರ್ ಆಂಥೋನಿ’ಯ ಹಾಡಿನಲ್ಲಿ ಶಿಷ್ಯ ಪ್ಯಾರೇಲಾಲರು ಗುರುವಿನ ಹೆಸರನ್ನೇ ಇರಿಸಿದರು. ಜನರೋ ಅದನ್ನು ಪಾತ್ರದ ಹೆಸರೆಂದು ತಿಳಿದು ಚಪ್ಪಾಳೆ ತಟ್ಟಿದರು!

ವಾಚಕರೆ, ಅನ್ಯರನ್ನು ದೂರುವುದು ಸುಲಭ, ನಮ್ಮ ಮನೆಯನ್ನೂ ನೋಡೋಣ. ಪೋರ್ತುಗೀಸರು ಆಫ್ರಿಕದ ಪೂರ್ವತೀರದಿಂದ ಈ ಗೋವೆಗೂ ಗುಲಾಮರನ್ನು ತಂದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಸಿದ್ದಿಯರಲ್ಲಿ ಅನೇಕರು ಅವರ ಸಂತತಿ. ಅಮೆರಿಕಕ್ಕೆ ಒಯ್ಯಲ್ಪಟ್ಟವರು ಬಹುಮಟ್ಟಿಗೆ ಆಫ್ರಿಕದ ಪಶ್ಚಿಮ, ಮಧ್ಯ ಭಾಗದವರಾದ್ದರಿಂದ ದಮಾಮಿಯೂ ಬ್ಲೂಸೂ ಒಂದೇ ಎನ್ನಲಾಗದು. ಸಂಕಟ ಮಾತ್ರ ಒಂದೇ. ಪಂಕ್ತಿಭೇದವೂ ಒಂದೇ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ನಮ್ಮ ಉತ್ಸವಗಳ ಆಮಂತ್ರಣದಲ್ಲಿ ಗಾಯಕರಿಗೆ, ತಬಲೆಯವರಿಗೆ, ಸ್ವಾಗತ ಭಾಷಣಕಾರರಿಗೆಲ್ಲ ಹೆಸರುಂಟು. ದಮಾಮಿಯವರಿಗೆ ‘ಸಿದ್ದಿ ಕುಣಿತ’ ಎಂಬ ಎರಡೇ ಪದ. ಇದು ನಮ್ಮ ‘ರೇಸ್ ರೆಕಾರ್ಡ್ಸ್’ ಅಲ್ಲದೆ ಮತ್ತೇನು?

ಕನ್ನಡ ಸಂಘಗಳು ಮುಂದಿನ ರಾಜ್ಯೋತ್ಸವದಿಂದಲಾದರೂ ಈ ಭೇದವನ್ನು ಬಿಡಲಿ. ದಮಾಮಿ ಬಾರಿಸುವ ಪ್ರತಿಯೊಬ್ಬನ, ಹಾಡುವ ಪ್ರತಿಯೊಬ್ಬಳ ಹೆಸರು ಅಚ್ಚಾಗಲಿ. ಭಾಷಣಗಳ ನಡುವಿನ ಬಿಡುವಿನಲ್ಲಲ್ಲ, ಕಚೇರಿಗೆ ಕೊಡುವಷ್ಟೇ ಹೊತ್ತು ಅವರಿಗೂ ದೊರೆಯಲಿ. ಹೆಸರು ಹಿಡಿದು ಕರೆಯಲಾರದವರಿಗೆ ರಸಿಕರೆನಿಸಿಕೊಳ್ಳುವ ಹಕ್ಕಿಲ್ಲ.