ಎಂಟಾಣೆ ಕೈಗೆ ಹದಿನಾರಾಣೆ ಪಿಟೀಲು



ನಮ್ಮ ಸಿನಿಮಾದಲ್ಲಿ ನಾಯಕಿ ಅತ್ತರೆ ಅವಳ ಹಿಂದೆ ಅಳೋದು ಯಾರು ಹೇಳಿ ನೋಡೋಣ? ಪಿಟೀಲು! ನಾಯಕನ ತಾಯಿ ಕೆಮ್ಮಿದರೆ ಪಿಟೀಲು. ಅಣ್ಣ-ತಂಗಿ ಬೇರೆಯಾದರೆ ಪಿಟೀಲು. ಕೊನೇ ರೀಲಿನಲ್ಲಿ ಒಂದಾದರೂ ಪಿಟೀಲೇ! ಇಷ್ಟೆಲ್ಲ ದುಡಿಯೋ ಆ ಬಡಪಾಯಿ ವಾದ್ಯ ತೆರೆ ಮೇಲೆ ಮುಖ ತೋರಿಸೋದು ಅಪರೂಪ. ತೋರಿಸಿದರೂ ಹೀರೋ ಕೈಯಲ್ಲಿ ಕಮಾನು ಒಂದು ಕಡೆ, ಸ್ವರ ಇನ್ನೊಂದು ಕಡೆ. ಮುಂದಿನ ಬೆಂಚಿನಲ್ಲಿ ಕೂತು ಶಿಳ್ಳೆ ಹೊಡೆಯೋ ನಮಗೆ ಅದೆಲ್ಲಾ ಎಲ್ಲಿ ಗೊತ್ತಾಗಬೇಕು!

ಈ ವಾರ ಸ್ಟಾರ್ ಸುದ್ದಿ ಇಲ್ಲ. ‘ಏನ್ ಗುರೂ, ಬಸ್ ಸ್ಟ್ಯಾಂಡಿನಲ್ಲಿ ದುಡ್ಡು ಕೊಟ್ಟು ಪತ್ರಿಕೆ ಕೊಂಡರೆ ನಿನ್ನ ಮನೆ ಪುರಾಣ ಓದಿಸ್ತೀಯಾ’ ಅಂತ ಬೈಬೇಡಿ. ಡ್ರೈವರ್ ಇನ್ನೂ ಟೀ ಕುಡೀತಿದ್ದಾನೆ. ಬಸ್ಸು ಹೊರಡೋಷ್ಟರಲ್ಲಿ ನನ್ನ ಕಥೆ ಮುಗಿಯುತ್ತೆ. ಇದರಲ್ಲಿ ವಿಲನ್ ಯಾರು ಅಂತ ಮೊದಲೇ ಹೇಳಿಬಿಡ್ತೀನಿ... ನಾನೇ!

★

ನಮ್ಮ ಮನೆ ಪುಟ್ಟೇನಹಳ್ಳಿಯಲ್ಲಿ. ಯಲಹಂಕದ ಪುಟ್ಟೇನಹಳ್ಳಿ ಅಲ್ಲ, ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿ. ಸತ್ತೇಹೋಗ್ತಿದ್ದ ಕೆರೆಯನ್ನ ಅಕ್ಕಪಕ್ಕದ ನಿವಾಸಿಗಳೇ ಸೇರಿ ಉಳಿಸಿಕೊಂಡ ಊರು. ಆ ಕೆರೆಯ ಕಡೆಯ ಒಂದು ಬೀದಿಯಲ್ಲಿ ಪಿಟೀಲು ಮೇಡಂ ಮನೆ. ನನ್ನ ಮಗಳು ಪುಟ್ಟಿ ಅಲ್ಲಿ ನಾಲ್ಕು ವರ್ಷದಿಂದ ಪಾಠಕ್ಕೆ ಹೋಗ್ತಾಳೆ. ಈಗ ಹನ್ನೆರಡು ವರ್ಷ.

ಹೋದ ತಿಂಗಳು ಮೇಡಂ ಕರೆದು ಹೇಳಿದರು: “ಮಗೂಗೆ ಮುಕ್ಕಾಲು ಸೈಜು ಸಾಕಾಗ್ತಿಲ್ಲ. ಫುಲ್ ಸೈಜಿಗೆ ಬಂದಿದ್ದಾಳೆ. ಒಳ್ಳೇದೊಂದು ಕೊಡಿಸಿ. ಜೊತೆಗೆ ಗಟ್ಟಿ ಪೆಟ್ಟಿಗೆ.”

ನಾನು ಒಳಗೊಳಗೇ ಹಿಗ್ಗಿದೆ. ಯಾಕೆ ಅಂತೀರಾ? ನಮ್ಮ ಮನೆ ಅಟ್ಟದ ಮೇಲೆ ಒಂದು ಫುಲ್ ಸೈಜ್ ಪಿಟೀಲು ಆಗಲೇ ಇದೆ! ಖರ್ಚಿಲ್ಲ, ಓಡಾಟವಿಲ್ಲ.

ಆ ಪಿಟೀಲು ಅಟ್ಟ ಹತ್ತಿದ್ದು ಹೇಗೆ? ಇಲ್ಲಿಂದ ಫ್ಲ್ಯಾಷ್‌ಬ್ಯಾಕ್!

★

2015ನೇ ಇಸವಿ. ನಮ್ಮ ದೊಡ್ಡೋನಿಗೆ ಎಂಟು ವರ್ಷ. ಅವನೇ ಹಟ ಮಾಡಿ ಪಿಟೀಲಿಗೆ ಸೇರಿದ. ಇದೇ ಮೇಡಂ. ಅವರ ಮನೆಯಲ್ಲಿದ್ದ ಪುಟ್ಟ ಪಿಟೀಲಿನಲ್ಲಿ ಮೂರು ತಿಂಗಳು ಸರಳೆ ಚೆನ್ನಾಗೇ ನುಡಿಸಿದ. ಆಮೇಲೆ ಮೇಡಂ, “ಅರ್ಧ ಸೈಜಿನದು ಒಂದು ಕೊಡಿಸಿ” ಅಂದರು.

ಮಿತ್ರರೇ, ಪಿಟೀಲಿನ ಸೈಜಿನ ಲೆಕ್ಕ ಅಂಗಿ, ಚಪ್ಪಲಿ ನಂಬರಿನ ಹಾಗಲ್ಲ. ಕಾಲು, ಅರ್ಧ, ಮುಕ್ಕಾಲು, ಫುಲ್. ನಮ್ಮ ಅಜ್ಜನ ಲೆಕ್ಕದಲ್ಲಿ ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ, ಹದಿನಾರಾಣೆ. ನಾನು ಏನು ತಿಳಿದೆ ಗೊತ್ತೇ? ಎಂಟಾಣೆ ಪಿಟೀಲು ಕೊಂಡರೆ ಎರಡು ವರ್ಷಕ್ಕೆ ಹನ್ನೆರಡಾಣೆ, ಇನ್ನೆರಡು ವರ್ಷಕ್ಕೆ ಹದಿನಾರಾಣೆ. ಮೂರು ಸಲ ದುಡ್ಡು! ನಾನೇನು ಚಿತ್ರ ನಿರ್ಮಾಪಕನೇ? ಚಿಕ್ಕಂದಿನಲ್ಲಿ ನಮ್ಮಮ್ಮ ನನಗೆ ಯೂನಿಫಾರಂ ಚಡ್ಡಿಯನ್ನ ಎರಡು ಸೈಜು ದೊಡ್ಡದು ಹೊಲಿಸಿ, ಉಡಿದಾರಕ್ಕೆ ಸಿಕ್ಕಿಸಿ ಕಳಿಸ್ತಿದ್ದಳು. ‘ಬೆಳೆಯೋ ಹುಡುಗ’ ಅನ್ನೋ ಒಂದೇ ಮಾತು. ಅದೇ ಬುದ್ಧಿ ನನಗೂ. ಬಳೇಪೇಟೆಗೆ ಹೋದೆ, ಫುಲ್ ಸೈಜ್ ತಂದೆ.

ಅಂಗಡಿಯಲ್ಲಿ ಪಿಟೀಲಿನ ಹೊಟ್ಟೆಯ ಸಂದಿಯಲ್ಲಿ ಇಣುಕಿದರೆ ಒಳಗೊಂದು ಚೀಟಿ! ‘ಸ್ಟ್ರಾಡಿವೇರಿಯಸ್, ಕ್ರಿಮೋನ’ ಅಂತ ಬರೆದಿದೆ. ಎದೆ ಝಲ್ಲೆಂದಿತು. ಇಟಲಿಯ ಕ್ರಿಮೋನದಲ್ಲಿ ಸ್ಟ್ರಾಡಿವೇರಿ ಅನ್ನೋ ಮಹಾನುಭಾವ ಮಾಡಿದ ಪಿಟೀಲುಗಳಿಗೆ ಇವತ್ತು ಕೋಟಿ ಕೋಟಿ ಬೆಲೆ. ಅದು ನನಗೆ ಐದೂವರೆ ಸಾವಿರಕ್ಕೆ! ಆಮೇಲೆ ಗೊತ್ತಾಯ್ತು, ಆ ಪುಣ್ಯಾತ್ಮ 1737ರಲ್ಲೇ ತೀರಿಕೊಂಡ, ಅವನ ಹೆಸರಿನ ಚೀಟಿಯನ್ನ ಕಾರ್ಖಾನೆಗಳು ಸಾವಿರಗಟ್ಟಲೆ ಅಗ್ಗದ ಪಿಟೀಲುಗಳಿಗೆ ಅಂಟಿಸಿವೆ ಅಂತ. ಪೋಸ್ಟರ್ ನೋಡಿ ಸಿನಿಮಾಕ್ಕೆ ನುಗ್ಗೋ ಜಾತಿ ನಮ್ಮದು. ಇನ್ನೇನಾದೀತು!

ಪೆಟ್ಟಿಗೆಗೆ ಬೇರೆ ದುಡ್ಡು ಕೇಳಿದರು. ‘ಬೇಡ, ಬಟ್ಟೆ ಚೀಲ ಸಾಕು’ ಅಂದೆ.

ಮೇಡಂ ನೋಡಿ, “ಇದು ಅವನ ಕೈಗೆ ದೊಡ್ಡದು ಸಾರ್” ಅಂದರು. “ಅಡ್ಜಸ್ಟ್ ಮಾಡ್ಕೋತಾನೆ ಬಿಡಿ ಮೇಡಂ, ಬೆಳೆಯೋ ಹುಡುಗ” ಅಂದೆ.

ಹುಡುಗ ಅಡ್ಜಸ್ಟ್ ಮಾಡಿಕೊಂಡ. ಆದರೆ ಸ್ವರ ಮಾಡಿಕೊಳ್ಳಲಿಲ್ಲ! ಮೂರು ತಿಂಗಳು ಶುದ್ಧವಾಗಿ ಬರ್ತಿದ್ದ ರಿಷಭ ಈಗ ಕುಂಟೋಕೆ ಶುರುವಾಯ್ತು. ಪಂಚಮ ಸಿಗಲೇ ಇಲ್ಲ. ನಾನು ಪೇಪರ್ ಓದ್ತಾ ಕೂತಲ್ಲಿಂದಲೇ, “ಅಪಸ್ವರ! ಇನ್ನೊಂದ್ಸಲ!” ಅಂತ ಗದರಿಸೋದು. ಪಾಠದ ದಿನ ಹೊಟ್ಟೆನೋವು ಅನ್ನೋಕೆ ಶುರು ಮಾಡಿದ. ಆರು ತಿಂಗಳಿಗೆ ಬಿಟ್ಟೇಬಿಟ್ಟ.

ಅಷ್ಟಕ್ಕೇ ನಿಲ್ಲಲಿಲ್ಲ ನಾನು. ಮನೆಗೆ ಬಂದ ನೆಂಟರ ಮುಂದೆಲ್ಲಾ, ಅವನ ಎದುರಿಗೇ, “ಇವನಿಗೆ ಸ್ವರಜ್ಞಾನ ಇಲ್ಲ ಬಿಡಿ, ಕಿವಿಯೇ ಇಲ್ಲ” ಅಂತ ಹೇಳಿಕೊಂಡು ನಗ್ತಿದ್ದೆ. ಪಿಟೀಲು ಚೀಲ ಸಮೇತ ಅಟ್ಟ ಸೇರಿತು. ಮೇಲೆ ಕಲ್ನಾರು ಶೀಟು. ಹತ್ತು ಬೇಸಿಗೆ.

ಫ್ಲ್ಯಾಷ್‌ಬ್ಯಾಕ್ ಮುಗೀತು.

★

ಪುಟ್ಟಿಯ ವಿಷಯದಲ್ಲಿ ನನ್ನ ಹೆಂಡತಿ ಮೊದಲೇ ಕಟ್ಟಪ್ಪಣೆ ಮಾಡಿದ್ದಳು: “ರೀ, ಈ ಸಲ ನೀವು ಬಾಯಿ ಹಾಕಬೇಡಿ.” ಅರ್ಧ ಸೈಜು, ಮುಕ್ಕಾಲು ಸೈಜು ಎರಡನ್ನೂ ಮೇಡಂ ಹತ್ತಿರ ದೊಡ್ಡ ಮಕ್ಕಳು ಬಿಟ್ಟುಹೋದ ಪಿಟೀಲುಗಳಿಂದಲೇ ಹೊಂದಿಸಿದಳು. ಖರ್ಚೂ ಕಮ್ಮಿಯೇ ಆಯ್ತು. ನನ್ನ ಮಹಾ ಲೆಕ್ಕಾಚಾರಕ್ಕೆ ಅಲ್ಲೇ ಮಂಗಳಾರತಿ!

ಅಟ್ಟದಿಂದ ಪಿಟೀಲು ಇಳಿಸಿದೆ. ಚೀಲ ಬಿಚ್ಚಿದರೆ ಕುದುರೆ ಬಿದ್ದಿದೆ, ತಂತಿಗಳು ತುಕ್ಕು, ಪಕ್ಕದ ಅಂಟು ಬಾಯಿ ಬಿಟ್ಟಿದೆ. ಅಲ್ಲಾಡಿಸಿದರೆ ಒಳಗೆ ಏನೋ ಲೊಟಕ್ ಲೊಟಕ್ ಅಂತಿದೆ. ‘ರಿಪೇರಿ ಮಾಡಿಸಿದರಾಯ್ತು’ ಅಂತ ಶನಿವಾರ ಹೊರಟೆವು. ನಾನು, ಪುಟ್ಟಿ, ಜೊತೆಗೆ ದೊಡ್ಡೋನು. ಈಗ ಅವನಿಗೆ ಹದಿನೆಂಟು ದಾಟಿದೆ, ನನಗಿಂತ ನಾಲ್ಕು ಬೆರಳು ಎತ್ತರ. ‘ಸುಮ್ನೆ ಬರ್ತೀನಿ’ ಅಂದ. ಜೆ.ಪಿ. ನಗರದಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ಬಳೇಪೇಟೆ ನಡಿಗೆ ದೂರ.

ದಾರಿಯಲ್ಲಿ ಪುಟ್ಟಿ ಕೇಳಿದಳು: “ಅಪ್ಪಾ, ಪಿಟೀಲು ನುಡಿಸೋರು ಸಿನಿಮಾದಲ್ಲಿ ಇದ್ರಾ?” ನನ್ನ ಹತ್ತಿರ ಕೇಳಬೇಕೇ! ಶುರು ಮಾಡಿದೆ. ಮೈಸೂರು ಟಿ. ಚೌಡಯ್ಯನವರು! ತಿರುಮಕೂಡಲು ನರಸೀಪುರದ ಕಡೆಯವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕು ಇಲ್ಲದ ಕಾಲದಲ್ಲಿ ಕಚೇರಿಯ ಕೊನೇ ಸಾಲಿಗೂ ಕೇಳಲಿ ಅಂತ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ತಂತಿ ಮಾಡಿದ ಧೀರರು. ಅವರು 1943ರಲ್ಲಿ ‘ವಾಣಿ’ ಅನ್ನೋ ಕನ್ನಡ ಚಿತ್ರವನ್ನೇ ನಿರ್ಮಿಸಿದರು. ಕೆ. ಹಿರಣ್ಣಯ್ಯನವರ ನಿರ್ದೇಶನ. ಮಲ್ಲೇಶ್ವರದ ಕಡೆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ ಇದೆಯಲ್ಲ, ಅದು ಇವರದೇ ನೆನಪು. ರಾಜನ್-ನಾಗೇಂದ್ರ ಜೋಡಿಯಲ್ಲಿ ನಾಗೇಂದ್ರ ಜಲತರಂಗ ಕಲಿತವರಾದರೆ ರಾಜನ್ ಪಿಟೀಲು ಕಲಿತವರು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ಗೆ ಸಂಗೀತ ಕೊಟ್ಟ ಎಲ್. ವೈದ್ಯನಾಥನ್ ಕೂಡ ಪಿಟೀಲು ವಿದ್ವಾಂಸರ ಮನೆಯವರೇ.

ಪುಟ್ಟಿ ಕಣ್ಣರಳಿಸಿ ಕೇಳಿದಳು. ದೊಡ್ಡೋನು ಕಿಟಕಿ ಕಡೆ ನೋಡ್ತಿದ್ದ.

★

ಅಂಗಡಿಯ ಹಿಂಭಾಗದಲ್ಲಿ ರಿಪೇರಿ ಮಾಡೋ ಯಜಮಾನರು. ಬಿಳೀ ಗಡ್ಡ, ಮೂಗಿನ ಮೇಲೆ ಕನ್ನಡಕ. ಪಿಟೀಲನ್ನ ನೋಡುತ್ತಲೇ ನಿಟ್ಟುಸಿರು ಬಿಟ್ಟರು.

“ಸ್ವಾಮೀ, ಒಳಗೆ ಲೊಟಗುಟ್ತಾ ಇರೋದು ಸೌಂಡ್‌ಪೋಸ್ಟು. ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ಮಧ್ಯೆ ನಿಲ್ಲೋ ಸಣ್ಣ ಮರದ ಕಡ್ಡಿ. ಅಂಟು ಹಾಕಿರಲ್ಲ, ಬಿಗಿಯಲ್ಲೇ ನಿಂತಿರತ್ತೆ. ಇದು ಬಿದ್ದರೆ ನಾದಕ್ಕೆ ಜೀವ ಇಲ್ಲ. ಅಂಟು ಬಿಟ್ಟಿದೆ ಅಂತ ಹೆದರಬೇಡಿ. ಚರ್ಮದಿಂದ ಮಾಡಿದ ಅಂಟು, ಬೇಕಂತಲೇ ಹಾಕೋದು. ಬಿಸಿಲಿಗೆ, ಸೆಕೆಗೆ ಮೊದಲು ಅಂಟು ಬಿಡಬೇಕು, ಮರ ಸೀಳಬಾರದು. ಆದರೆ ಇದರ ಕತ್ತೂ ಸರಿದಿದೆ. ಅದಕ್ಕೆ ಟೈಮು ಬೇಕು. ಎಲ್ಲಿ ಇಟ್ಟಿದ್ರಿ?”

“ಅಟ್ಟದಲ್ಲಿ... ಚೀಲದಲ್ಲಿ” ಅಂದೆ.

ಅವರು ಮಾತಾಡಲಿಲ್ಲ. ಪುಟ್ಟಿಯನ್ನ ಕರೆದು ಎಡಗೈ ಚಾಚಿಸಿದರು. ಕತ್ತಿನ ಬುಡದಿಂದ ಅಂಗೈ ನಡುವಿನವರೆಗೆ ಟೇಪು ಹಿಡಿದರು. ಇಪ್ಪತ್ಮೂರು ಅಂಗುಲದ ಮೇಲೆ. ಫುಲ್ ಸೈಜ್ ಪಿಟೀಲು ಹಿಡಿಸಿ ನೋಡಿದರು. ಕೈ ಚಾಚಿದಾಗ ಅಂಗೈ ಪಿಟೀಲಿನ ಸುರುಳಿ ತಲೆಯನ್ನ ಆರಾಮಾಗಿ ತಬ್ಬಿತು, ಮೊಣಕೈ ಚೂರು ಬಾಗಿಯೇ ಇತ್ತು. “ಸರಿಯಾಗಿದೆ” ಅಂದರು.

ನಾನು ಸುಮ್ಮನಿರಲಾರದೆ ಕೇಳಿದೆ: “ನಾವು ಕೆಳಗೆ ಕೂತು, ಪಿಟೀಲಿನ ತಲೆಯನ್ನ ಪಾದದ ಮೇಲೆ ಇಟ್ಟು ನುಡಿಸೋರು. ಭಾರ ಪಾದವೇ ಹೊರತ್ತೆ. ಆಮೇಲೂ ಸೈಜು ಇಷ್ಟು ಮುಖ್ಯವೇ?”

“ಭಾರ ಪಾದ ಹೊರತ್ತೆ ಸ್ವಾಮೀ. ಬೆರಳಿನ ಕೆಲಸ ಪಾದ ಮಾಡತ್ತಾ?” ಅಂದು ಸ್ಕೇಲು ತೆಗೆದರು. “ಷಡ್ಜದಿಂದ ಚತುಶ್ರುತಿ ರಿಷಭಕ್ಕೆ ಬೆರಳು ಇಡೋ ಜಾಗ ತಂತಿಯ ಒಂಬತ್ತನೇ ಒಂದು ಭಾಗ. ಫುಲ್ ಸೈಜಿನಲ್ಲಿ ಅದು ಮೂರೂವರೆ ಸೆಂಟಿಮೀಟರಿಗಿಂತ ಚೂರು ಜಾಸ್ತಿ. ಅರ್ಧ ಸೈಜಿನಲ್ಲಿ ಮೂರರ ಆಸುಪಾಸು. ಅದೇ ತಂತಿಯಲ್ಲಿ ಕಿರುಬೆರಳು ಪಂಚಮಕ್ಕೆ ಹೋಗೋ ಹೊತ್ತಿಗೆ ವ್ಯತ್ಯಾಸ ಒಂದು ಸೆಂಟಿಮೀಟರು ದಾಟಿರತ್ತೆ. ವೀಣೆಯಲ್ಲಿ ಮೆಟ್ಟಿಲಿದೆ, ಇದರಲ್ಲಿ ಮೆಟ್ಟಿಲಿಲ್ಲ. ಮಗು ಬೆರಳು ಎಟುಕದಿದ್ದರೆ ಸ್ವರ ಕೆಳಗೇ ಉಳಿಯತ್ತೆ. ಕಿವಿ ಸರಿಯಿದ್ದ ಮಗೂಗೆ ಅದು ಇನ್ನೂ ಹಿಂಸೆ. ತಪ್ಪು ಅಂತ ಗೊತ್ತಾಗತ್ತೆ, ಸರಿ ಮಾಡೋಕೆ ಕೈ ಎಟುಕಲ್ಲ.”

ಆಗ ನನ್ನ ಹಿಂದಿನಿಂದ ದೊಡ್ಡೋನ ದನಿ:

“ಗೊತ್ತಾಗ್ತಿತ್ತು ಅಪ್ಪಾ. ನೀವು ಅಪಸ್ವರ ಅಂತ ಕೂಗೋಕೆ ಮುಂಚೇನೇ ಗೊತ್ತಾಗ್ತಿತ್ತು. ಕೈ ನೋಯ್ತಿತ್ತು. ಹೇಗೆ ಹೇಳೋದು ಅಂತ ಗೊತ್ತಿರ್ಲಿಲ್ಲ ಅಷ್ಟೆ.”

ಸಿಟ್ಟಿಲ್ಲ, ಅಳು ಇಲ್ಲ. ಬಸ್ಸು ಎಷ್ಟು ಗಂಟೆಗೆ ಅಂತ ಹೇಳೋ ಹಾಗೆ ಹೇಳಿದ. ಸಿನಿಮಾದಲ್ಲಾಗಿದ್ದರೆ ಇಲ್ಲಿ ಹನ್ನೆರಡು ಪಿಟೀಲು ಒಟ್ಟಿಗೆ ಮೊಳಗಬೇಕಿತ್ತು. ಬಳೇಪೇಟೆಯಲ್ಲಿ ಪಕ್ಕದ ಅಂಗಡಿಯವನು ತಬಲಾಕ್ಕೆ ಸುತ್ತಿಗೆಯಿಂದ ಟಕ್ ಟಕ್ ಅಂತ ಹೊಡೀತಿದ್ದ. ಅಷ್ಟೇ ಸದ್ದು.

ನನಗೆ ಏನು ಹೇಳಬೇಕೋ ತೋಚಲಿಲ್ಲ. “ತಪ್ಪಾಯ್ತು ಕಣೋ” ಅಂದೆ. ಅಪ್ಪಂದಿರ ಬಾಯಲ್ಲಿ ಆ ಮಾತು ಸುಲಭಕ್ಕೆ ಬರಲ್ಲ. ಬಂತು.

★

ಆಮೇಲೆ ಹೊಸದು ಆರಿಸಿದೆವು. ಈ ಸಲ ಹೊಳಪು ನೋಡಲಿಲ್ಲ, ಚೀಟಿ ನೋಡಲಿಲ್ಲ. ಮೇಡಂ ಬರೆದುಕೊಟ್ಟಿದ್ದನ್ನ ನೋಡಿದೆವು. ಕತ್ತು ನೆಟ್ಟಗಿದೆಯಾ? ಬೆರಳಾಡೋ ಹಲಗೆ ನಿಜವಾದ ಕರಿಮರವಾ, ಇಲ್ಲಾ ಕೈಗೆ ಮೆತ್ತೋ ಕರೀ ಬಣ್ಣವಾ? ಬಿರಡೆ ತಿರುಗಿಸಿದರೆ ನಿಲ್ಲತ್ತಾ, ಜಾರತ್ತಾ? ಕಮಾನು ಸೊಟ್ಟ ಇದೆಯಾ? ನಾಲ್ಕು ಪಿಟೀಲನ್ನ ಪುಟ್ಟಿ ಕೈಯಲ್ಲೇ ನುಡಿಸಿದೆವು. ಫೋನಿನಲ್ಲಿ ಕೇಳಿ ಮೇಡಂ ಎರಡನೆಯದನ್ನ ಹೇಳಿದರು. ಹದಿನಾಲ್ಕು ಸಾವಿರ.

ಪೆಟ್ಟಿಗೆ ಆರಿಸಿದ್ದು ದೊಡ್ಡೋನು. ನಾನು ಎಲ್ಲಿ ಮತ್ತೆ ಚೀಲ ಅಂತೀನೋ ಅಂತ ಮುಂದೆ ಬಂದು ನಿಂತ. ಗಟ್ಟಿ ಚೌಕದ ಪೆಟ್ಟಿಗೆ, ಪಿಟೀಲಿನ ಬೆನ್ನು ತಳಕ್ಕೆ ತಾಗದ ಹಾಗೆ ಮೆತ್ತೆ, ಎರಡು ಕಮಾನಿಗೆ ಜಾಗ. ಮೂರೂವರೆ ಸಾವಿರ. ‘ನುಡಿಸಿದ ಮೇಲೆ ಕಮಾನಿನ ಕೂದಲು ಸಡಿಲ ಮಾಡಿ ಇಡು, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡ’ ಅಂತ ತಂಗಿಗೆ ಅವನೇ ಪಾಠ ಹೇಳಿದ. ಮರೆತಿರಲಿಲ್ಲ ಹುಡುಗ.

ಮಿತ್ರರೇ, ನಿಮ್ಮಲ್ಲಿ ಬಹಳ ಜನ ಇವತ್ತು ಅಣ್ಣಂದಿರು, ಸೋದರಮಾವಂದಿರು. ನಾಳೆ ಅಪ್ಪಂದಿರು. ನನ್ನಿಂದ ಒಂದು ಮಾತು ತಗೊಳ್ಳಿ. ಚಡ್ಡಿ ದೊಡ್ಡದಾದರೆ ಉಡಿದಾರ ಇದೆ. ಪಿಟೀಲು ದೊಡ್ಡದಾದರೆ ಹಿಡಿದು ನಿಲ್ಲಿಸೋಕೆ ಏನೂ ಇಲ್ಲ. ಮಗು ಇವತ್ತು ಇರೋ ಅಳತೆಗೆ ಕೊಡಿಸಿ, ನಾಳೆ ಆಗೋ ಅಳತೆಗಲ್ಲ. ಎಟುಕದ ಕೈ ನೋಡಿ ‘ಕಿವಿಯಿಲ್ಲ’ ಅಂತ ತೀರ್ಪು ಕೊಡಬೇಡಿ. ಆ ತೀರ್ಪಿಗೆ ಅಪೀಲು ಹೋಗೋ ಕೋರ್ಟು ಎಂಟು ವರ್ಷದ ಹುಡುಗನಿಗೆ ಎಲ್ಲಿದೆ?

ಹೊರಡೋವಾಗ ಹಳೇ ಪಿಟೀಲನ್ನ ಎತ್ತಿಕೊಳ್ಳೋಕೆ ಹೋದೆ. ದೊಡ್ಡೋನು ತಡೆದ. ಯಜಮಾನರನ್ನ ಕೇಳಿದ: “ಇದು ಸರಿಹೋಗಕ್ಕೆ ಎಷ್ಟು ದಿನ ಬೇಕು?”

“ಮೂರು ವಾರ. ಖರ್ಚು ಜಾಸ್ತಿ ಆಗತ್ತೆ, ಪಿಟೀಲಿನ ಬೆಲೆಗೆ ಹತ್ತಿರ ಹೋಗತ್ತೆ.”

“ಪರವಾಗಿಲ್ಲ, ಮಾಡಿ” ಅಂದ.

ಯಾರಿಗೆ ಅಂತ ನಾನು ಕೇಳಲಿಲ್ಲ. ಈಗ ಅವನ ಕೈ ಹದಿನಾರಾಣೆ ಉದ್ದ ಇದೆ.

ಡ್ರೈವರ್ ಹತ್ತಿದ, ಹಾರ್ನ್ ಹೊಡೀತಿದ್ದಾನೆ. ಮುಂದಿನ ವಾರ ಸಿಗೋಣ!