ಚಿಕ್ಕ ಕ್ರೈಸ್ತ ಕಾಲೇಜುಗಳ ಆಪ್ತತೆಗೆ ವಿದ್ಯಾರ್ಥಿ ತೆರುವ ಬೆಲೆ

2024ರ ಮೇ 31ರಂದು ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು ಶಾಶ್ವತವಾಗಿ ಬಾಗಿಲು ಮುಚ್ಚಿತು. ಅದೇ ದಿನ ಅದರ ಬೇಸ್‌ಬಾಲ್ ತಂಡ ದೂರದ ಓಹಾಯೊದಲ್ಲಿ ರಾಷ್ಟ್ರಮಟ್ಟದ ಅಂತಿಮ ಪಂದ್ಯಾವಳಿಯ ಕಣಕ್ಕಿಳಿದಿತ್ತು. ಜೂನ್ ಆರಂಭದಲ್ಲಿಯೂ ಆಟಗಾರರು ಅದೇ ಸಮವಸ್ತ್ರ ತೊಟ್ಟು ಆಡಿದರು. ಅಷ್ಟರಲ್ಲಿ ಆ ಬಟ್ಟೆಯ ಮೇಲೆ ಹೆಸರಿದ್ದ ಕಾಲೇಜು ಇರಲಿಲ್ಲ.

ಮೆಥಡಿಸ್ಟ್ ಪಂಥಕ್ಕೆ ಸೇರಿದ ಈ ಸಂಸ್ಥೆಯ ಮೂಲ 1856ರಷ್ಟು ಹಳೆಯದು. ಕೊನೆಯ ವರ್ಷ ಅಲ್ಲಿ ಉಳಿದಿದ್ದವರು 731 ವಿದ್ಯಾರ್ಥಿಗಳು. ಇದು ಒಂಟಿ ಪ್ರಕರಣವಲ್ಲ. 1842ರಲ್ಲಿ ಸ್ಥಾಪನೆಗೊಂಡ ಅಯೋವಾ ವೆಸ್ಲಿಯನ್ ವಿಶ್ವವಿದ್ಯಾಲಯ 2023ರಲ್ಲಿ ಮುಚ್ಚಿತು. ಭೂಮಿಯನ್ನು ಸುತ್ತುವರಿದ ವಿಕಿರಣ ಪಟ್ಟಿಗಳಿಗೆ ಹೆಸರಾದ ವಿಜ್ಞಾನಿ ಜೇಮ್ಸ್ ವ್ಯಾನ್ ಅಲೆನ್ ಪದವಿ ಪಡೆದದ್ದು ಅಲ್ಲಿಯೇ. ಫಿನ್ಲೆಂಡಿನಿಂದ ವಲಸೆ ಹೋದ ಲೂಥರನ್ನರು 1896ರಲ್ಲಿ ಮಿಷಿಗನ್‌ನಲ್ಲಿ ಕಟ್ಟಿದ ಫಿನ್ಲಾಂಡಿಯಾ ವಿಶ್ವವಿದ್ಯಾಲಯವೂ ಅದೇ ವರ್ಷ ಇತಿಹಾಸಕ್ಕೆ ಸೇರಿತು. ನ್ಯೂಯಾರ್ಕಿನ ಕಿಂಗ್ಸ್ ಕಾಲೇಜು ಮಾನ್ಯತೆಯ ಬಿಕ್ಕಟ್ಟಿಗೆ ಸಿಲುಕಿ 2023ರಲ್ಲೇ ತರಗತಿಗಳನ್ನು ನಿಲ್ಲಿಸಿತು.

ಇಂಥ ಕಾಲೇಜುಗಳಿಗೆ ವಿದ್ಯಾರ್ಥಿಗಳು ಏಕೆ ಸೇರುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಅವುಗಳ ಗಾತ್ರದಲ್ಲಿಯೇ ಇದೆ. ತರಗತಿಯಲ್ಲಿ ಹದಿನೈದು ಇಪ್ಪತ್ತು ಮಂದಿ. ಪ್ರಾಧ್ಯಾಪಕರಿಗೆ ಪ್ರತಿಯೊಬ್ಬರ ಹೆಸರೂ ಗೊತ್ತು. ಆವರಣದ ನಡುವೆ ಪ್ರಾರ್ಥನಾ ಮಂದಿರ, ಕಷ್ಟ ಹೇಳಿಕೊಳ್ಳಲು ಒಬ್ಬ ಧರ್ಮಗುರು. ಕೆಲವೆಡೆ ಬೈಬಲ್ ಅಧ್ಯಯನ ಮತ್ತು ಪ್ರಾರ್ಥನಾ ಸಭೆಯ ಹಾಜರಿ ಕಡ್ಡಾಯ. ಮತ್ತೆ ಕೆಲವೆಡೆ ಧರ್ಮದ ನಂಟು ಹೆಸರಿಗೆ ಮಾತ್ರ. ದೊಡ್ಡ ವಿಶ್ವವಿದ್ಯಾಲಯದ ತಂಡದಲ್ಲಿ ಸ್ಥಾನ ಸಿಗದ ಹುಡುಗನೂ ಇಲ್ಲಿ ಆಟಗಾರನಾಗಬಲ್ಲ. ಮಕ್ಕಳು ದಾರಿ ತಪ್ಪಲಾರರು ಎಂಬ ನೆಮ್ಮದಿ ಹೆತ್ತವರಿಗೆ. ನಂಬಿಕೆಯ ಬಲದಿಂದಲೇ ಕಾಲೇಜನ್ನು ಆಯ್ದುಕೊಂಡ ಕುಟುಂಬ ಅದರ ಲೆಕ್ಕಪತ್ರವನ್ನು ತಿರುವಿ ನೋಡುವುದು ಅಪರೂಪ.

ಆದರೆ ಆಪ್ತತೆಗೆ ಕಾರಣವಾದ ಗಾತ್ರವೇ ಲೆಕ್ಕದ ಪುಸ್ತಕದಲ್ಲಿ ದೌರ್ಬಲ್ಯವಾಗುತ್ತದೆ. ದತ್ತಿನಿಧಿ ಸಣ್ಣದಿದ್ದರೆ ಸಂಸಾರ ನಡೆಯಬೇಕಾದದ್ದು ಶುಲ್ಕದಿಂದಲೇ. ಘೋಷಿತ ಶುಲ್ಕವನ್ನೂ ಹೆಚ್ಚಿನವರು ಪೂರ್ತಿಯಾಗಿ ಕಟ್ಟುವುದಿಲ್ಲ. ಅಮೆರಿಕದ ಖಾಸಗಿ ಕಾಲೇಜುಗಳು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಸರಾಸರಿ ಅರ್ಧಕ್ಕೂ ಹೆಚ್ಚು ಶುಲ್ಕವನ್ನು ವಿದ್ಯಾರ್ಥಿವೇತನದ ಹೆಸರಿನಲ್ಲಿ ಬಿಟ್ಟುಕೊಡುತ್ತಿವೆ. ನೂರು ಮಂದಿ ಕಡಿಮೆಯಾದರೆ ದೊಡ್ಡ ವಿಶ್ವವಿದ್ಯಾಲಯಕ್ಕೆ ಅದು ಗಮನಕ್ಕೂ ಬಾರದು. 731 ಮಂದಿಯ ಕಾಲೇಜಿಗೆ ಅದು ಅಳಿವು ಉಳಿವಿನ ಪ್ರಶ್ನೆ. ಅಮೆರಿಕದಲ್ಲಿ 2007ರಲ್ಲಿ ಶಿಖರ ಮುಟ್ಟಿದ್ದ ಜನನ ಸಂಖ್ಯೆ ಅಲ್ಲಿಂದೀಚೆಗೆ ಇಳಿಮುಖವಾಗಿದೆ. ಆ ವರ್ಷ ಹುಟ್ಟಿದವರು ಕಾಲೇಜು ಸೇರುವ ವಯಸ್ಸಿಗೆ ಬಂದದ್ದು 2025ರಲ್ಲಿ. ಧರ್ಮದ ವಾತಾವರಣ ಬಯಸುವವರೆಲ್ಲ ಚಿಕ್ಕ ಕಾಲೇಜಿಗೇ ಬರಬೇಕೆಂದೂ ಇಲ್ಲ: ವರ್ಜೀನಿಯಾದ ಲಿಬರ್ಟಿ ವಿಶ್ವವಿದ್ಯಾಲಯ ಆನ್‌ಲೈನ್ ಮೂಲಕವೇ ಲಕ್ಷಕ್ಕೂ ಮೀರಿದ ವಿದ್ಯಾರ್ಥಿಗಳನ್ನು ಸೆಳೆದಿದೆ.

ಕರ್ನಾಟಕದ ಓದುಗರಿಗೆ ಇಲ್ಲೊಂದು ವ್ಯತ್ಯಾಸ ಹೇಳಬೇಕು. ನಮ್ಮಲ್ಲಿನ ಬಹುಪಾಲು ಕ್ರೈಸ್ತ ಪದವಿ ಕಾಲೇಜುಗಳು ಯಾವುದಾದರೊಂದು ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡಿವೆ. ಪದವಿ ಪ್ರಮಾಣಪತ್ರ ನೀಡುವುದು ವಿಶ್ವವಿದ್ಯಾಲಯ. ಅನುದಾನಿತ ಹುದ್ದೆಗಳ ಸಂಬಳ ಸರ್ಕಾರದ್ದು. ಅಮೆರಿಕದಲ್ಲಿ ಪಠ್ಯಕ್ರಮ, ಪರೀಕ್ಷೆ, ಪದವಿ ಎಲ್ಲವೂ ಆಯಾ ಕಾಲೇಜಿನದೇ. ಹಾಗಾಗಿ ಕಾಲೇಜು ನಿಂತರೆ ವಿದ್ಯಾರ್ಥಿಯ ಕಾಲಡಿಯ ನೆಲವೇ ಕುಸಿದಂತೆ.

ಪರಿಹಾರವಿಲ್ಲ ಎಂದಲ್ಲ. ಉಳಿದ ವ್ಯಾಸಂಗವನ್ನು ಪೂರ್ಣಗೊಳಿಸಿಕೊಡಲು ಬೇರೆ ಕಾಲೇಜುಗಳು ಒಪ್ಪಂದ ಮಾಡಿಕೊಳ್ಳುತ್ತವೆ. ಅದನ್ನು ಒಲ್ಲದವರ ಕೇಂದ್ರ ಸರ್ಕಾರದ ಶಿಕ್ಷಣ ಸಾಲ ಮನ್ನಾ ಆಗಲು ಅವಕಾಶವಿದೆ. ಆದರೆ ಗಳಿಸಿದ ಎಲ್ಲ ಕ್ರೆಡಿಟ್‌ಗಳನ್ನೂ ಹೊಸ ಕಾಲೇಜು ಒಪ್ಪುತ್ತದೆಂಬ ಖಾತರಿಯಿಲ್ಲ. 2004ರಿಂದ 2020ರ ನಡುವೆ ಮುಚ್ಚಿದ ಕಾಲೇಜುಗಳ ಸುಮಾರು 1,43,000 ವಿದ್ಯಾರ್ಥಿಗಳ ಕುರಿತ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಮತ್ತೆ ಎಲ್ಲಿಯಾದರೂ ಸೇರಿದವರು ಶೇ 47 ಮಾತ್ರ. ಆ ಪಟ್ಟಿಯಲ್ಲಿ ಲಾಭಕ್ಕಾಗಿ ನಡೆಯುವ ಸಂಸ್ಥೆಗಳೇ ಹೆಚ್ಚು ಎಂಬುದು ನಿಜವಾದರೂ ಅಂಕಿ ಆತಂಕಕಾರಿಯೇ.

ಅಯೋವಾ ವೆಸ್ಲಿಯನ್ ಮತ್ತು ಬರ್ಮಿಂಗ್‌ಹ್ಯಾಮ್-ಸದರ್ನ್ ಎರಡರಲ್ಲೂ ಘೋಷಣೆ ಹೊರಬಿದ್ದದ್ದು ಮಾರ್ಚ್ ಕೊನೆಯಲ್ಲಿ, ಬಾಗಿಲು ಮುಚ್ಚಿದ್ದು ಮೇ ಕೊನೆಯಲ್ಲಿ. ಎರಡೇ ತಿಂಗಳ ಗಡುವು. ಮೊದಲೇ ಹೇಳಬಾರದಿತ್ತೇ ಎಂದು ಕೇಳುವುದು ಸುಲಭ. ಬರ್ಮಿಂಗ್‌ಹ್ಯಾಮ್-ಸದರ್ನ್ ತನ್ನ ಕಷ್ಟವನ್ನು ಮುಚ್ಚಿಟ್ಟಿರಲಿಲ್ಲ. ರಾಜ್ಯ, ಜಿಲ್ಲೆ ಮತ್ತು ನಗರಾಡಳಿತಗಳಿಂದ ಅದು 3.75 ಕೋಟಿ ಡಾಲರ್ ನೆರವು ಕೋರಿದ ಸುದ್ದಿ 2022ರ ಡಿಸೆಂಬರಿನಲ್ಲೇ ಹೊರಬಿತ್ತು. ಪರಿಣಾಮವೇನು? ಸಾವಿರದ ಹತ್ತಿರವಿದ್ದ ವಿದ್ಯಾರ್ಥಿ ಸಂಖ್ಯೆ ಒಂದೇ ವರ್ಷದಲ್ಲಿ 731ಕ್ಕೆ ಇಳಿಯಿತು. ಮುಳುಗುತ್ತಿದೆ ಎಂದರೆ ಸಾಕು, ಹಡಗು ಇನ್ನಷ್ಟು ಬೇಗ ಮುಳುಗುತ್ತದೆ. ನಂತರ ರಾಜ್ಯ ಶಾಸಕಾಂಗ ಸಾಲ ಯೋಜನೆಯೊಂದನ್ನು ರೂಪಿಸಿದರೂ ರಾಜ್ಯದ ಖಜಾಂಚಿ 2023ರ ಅಕ್ಟೋಬರಿನಲ್ಲಿ ಸಾಲ ನಿರಾಕರಿಸಿದರು.

ಆಡಳಿತ ಮಂಡಳಿಗಳು ಬಾಯಿ ಬಿಡದಿರುವುದಕ್ಕೆ ಈ ಭಯವೇ ಕಾರಣ. ಕಾನೂನೂ ಅವರ ಪರವಾಗಿದೆ. ಮ್ಯಾಸಚೂಸೆಟ್ಸ್‌ನ ಮೌಂಟ್ ಐಡಾ ಕಾಲೇಜು (ಇದು ಕ್ರೈಸ್ತ ಸಂಸ್ಥೆಯಲ್ಲ) 2018ರಲ್ಲಿ ಏಕಾಏಕಿ ಮುಚ್ಚಿದಾಗ ವಿದ್ಯಾರ್ಥಿಗಳು ನ್ಯಾಯಾಲಯದ ಮೆಟ್ಟಿಲೇರಿದ್ದರು. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ವಾದವನ್ನು ತಳ್ಳಿಹಾಕಿತು. ಆಡಳಿತಗಾರರ ಹೊಣೆ ಸಂಸ್ಥೆಗೆ ಸಲ್ಲತಕ್ಕದ್ದು, ವಿದ್ಯಾರ್ಥಿಗಳಿಗಲ್ಲ ಎಂಬುದು ತೀರ್ಪಿನ ಸಾರ. ಹೆಸರು ಹಿಡಿದು ಕರೆಯುವ, ತನ್ನನ್ನು ಕುಟುಂಬವೆಂದು ಕರೆದುಕೊಳ್ಳುವ ಕಾಲೇಜಿಗೂ ಈ ತರ್ಕ ಅನ್ವಯಿಸೀತೆಂಬುದು ಸೇರುವ ದಿನ ಯಾರ ಮನಸ್ಸಿಗೂ ಬಾರದು.

ಅದೇ ಮ್ಯಾಸಚೂಸೆಟ್ಸ್ 2019ರಲ್ಲಿ ಹೊಸ ಕಾನೂನು ತಂದಿತು. ಅಲ್ಲಿ ಕಾಲೇಜುಗಳ ಆರ್ಥಿಕ ಸ್ಥಿತಿಯನ್ನು ವರ್ಷವರ್ಷವೂ ಪರಿಶೀಲಿಸಲಾಗುತ್ತದೆ. ಅಪಾಯ ಸನ್ನಿಹಿತವಾಗಿದ್ದರೆ ವಿದ್ಯಾರ್ಥಿಗಳಿಗೂ ಅರ್ಜಿದಾರರಿಗೂ ತಿಳಿಸಬೇಕು. ಉಳಿದಂತೆ ಕೇಂದ್ರ ಶಿಕ್ಷಣ ಇಲಾಖೆ ಖಾಸಗಿ ಕಾಲೇಜುಗಳಿಗೆ ಆರ್ಥಿಕ ಆರೋಗ್ಯದ ಅಂಕ ನೀಡಿ ಪ್ರಕಟಿಸುತ್ತ ಬಂದಿದೆ. ಗರಿಷ್ಠ ಅಂಕ 3, 1.5ಕ್ಕಿಂತ ಕೆಳಗಿಳಿದರೆ ತೊಂದರೆ ಎಂದರ್ಥ. ಅರ್ಜಿ ತುಂಬುವ ಹುಡುಗಿಯ ಕೈಗೆ ಆ ಅಂಕ ಸಿಗುವ ಹೊತ್ತಿಗೆ ಅದು ಒಂದೆರಡು ವರ್ಷ ಹಳೆಯದಾಗಿರುತ್ತದೆ.