ಸೈಕಲ್ ಕೊಟ್ಟೆವು, ದಾರಿ ಕೊಡಲಿಲ್ಲ

ನಮ್ಮ ಬಡಾವಣೆಯಲ್ಲೊಂದು ಸೈಕಲ್ ದಾರಿ ಇದೆ. ರಸ್ತೆಯ ಅಂಚಿಗೆ ಬಣ್ಣ ಬಳಿದು ಸೈಕಲ್ಲಿನ ಚಿತ್ರ ಬಿಡಿಸಿದ್ದಾರೆ. ಆ ಚಿತ್ರದ ಮೇಲೆ ದಿನವೂ ಒಂದು ಕಾರು ನಿಂತಿರುತ್ತದೆ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದಿಂದ ಸೈಕಲ್ ತುಳಿಯುತ್ತಿರುವ ನಾನು ಆ ದಾರಿಯಲ್ಲಿ ನೂರು ಗಜ ನೆಟ್ಟಗೆ ಹೋದದ್ದಿಲ್ಲ.

ಇದನ್ನು ಹೇಳಿದಾಗಲೆಲ್ಲ ಗೆಳೆಯರದು ಒಂದೇ ರಾಗ: 'ನಮ್ಮಲ್ಲಿ ಸೈಕಲ್ ಸಂಸ್ಕೃತಿ ಇಲ್ಲ ಮಾರಾಯ. ಅದೆಲ್ಲ ಹಾಲೆಂಡಿನವರಿಗೆ. ನೆಲ ಸಮತಟ್ಟು, ಹವೆ ತಂಪು, ಜನ ಶಿಸ್ತಿನವರು.'

ಹಾಲೆಂಡಿನ ನೆಲ ಐವತ್ತು ವರ್ಷದ ಹಿಂದೆಯೂ ಸಮತಟ್ಟಾಗಿಯೇ ಇತ್ತು. ಆದರೂ ಅಲ್ಲಿ ಕಾರುಗಳು ಹೆಚ್ಚಿದಂತೆ ಸೈಕಲ್ ಮೂಲೆಗೆ ಸರಿದಿತ್ತು, ಊರಿನ ಚೌಕಗಳು ಪಾರ್ಕಿಂಗ್ ಜಾಗವಾಗಿದ್ದವು. 1971ರ ಒಂದೇ ವರ್ಷದಲ್ಲಿ ಅಲ್ಲಿನ ರಸ್ತೆಗಳಲ್ಲಿ ಸುಮಾರು 3300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಆಗ ತಂದೆತಾಯಿಯರು ಬೀದಿಗಿಳಿದರು. 'ಮಕ್ಕಳ ಕೊಲೆ ನಿಲ್ಲಿಸಿ' ಎಂಬುದೇ ಆ ಚಳವಳಿಯ ಹೆಸರು. 1973ರ ತೈಲ ಬಿಕ್ಕಟ್ಟು ಅವರ ಮಾತಿಗೆ ಬಲ ಕೊಟ್ಟಿತು. ಇಂದು ನಾವು ಫೋಟೋದಲ್ಲಿ ನೋಡಿ ಮೆಚ್ಚುವ ಆ ಸೈಕಲ್ ದಾರಿಗಳು ಜಗಳವಾಡಿ ಪಡೆದವು.

ಇನ್ನು ನಮ್ಮ ಸಂಸ್ಕೃತಿಯ ಮಾತು. ಬೆಳಿಗ್ಗೆ ಐದೂವರೆಗೆ ಎದ್ದು ಬೀದಿಗೆ ಬನ್ನಿ. ಪೇಪರ್ ಹಾಕುವ ಹುಡುಗ, ರಾತ್ರಿ ಪಾಳಿ ಮುಗಿಸಿದ ವಾಚ್‌ಮನ್, ಹ್ಯಾಂಡಲ್ಲಿಗೆ ಬುತ್ತಿ ತೂಗುಹಾಕಿಕೊಂಡು ಹೊರಟ ಗಾರೆ ಕೆಲಸದವರು ಎಲ್ಲರೂ ಸೈಕಲ್ ಮೇಲೇ ಇದ್ದಾರೆ. ಅವರು ಹೆಲ್ಮೆಟ್ ತೊಟ್ಟು ಭಾನುವಾರ ನಂದಿಬೆಟ್ಟಕ್ಕೆ ಹೋಗುವುದಿಲ್ಲ, ಹಾಗಾಗಿ ನಮ್ಮ ಲೆಕ್ಕಕ್ಕೆ ಸಿಗುವುದಿಲ್ಲ. 2006ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. 2017ರಲ್ಲಿ ಮೈಸೂರಿಗೆ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ಬಂತು. ಎರಡೂ ಒಳ್ಳೆಯ ಕೆಲಸವೇ. ಆದರೆ ಸೈಕಲ್ ಕೊಡುವುದು ಸುಲಭ, ಅದರಿಂದ ಯಾರಿಗೂ ಸಿಟ್ಟು ಬರುವುದಿಲ್ಲ. ದಾರಿ ಕೊಡಬೇಕೆಂದರೆ ಕಾರಿನವರಿಂದ ಜಾಗ ಕಿತ್ತುಕೊಳ್ಳಬೇಕು.

ಹಾಗೆ ಕಿತ್ತುಕೊಳ್ಳಬೇಕಾದವರಲ್ಲಿ ನಾನೂ ಒಬ್ಬ. ನನ್ನ ಮಗಳೀಗ ಎಂಟನೇ ಕ್ಲಾಸು. ಶಾಲೆ ಒಂದೂವರೆ ಕಿಲೋಮೀಟರ್. ಅವಳಿಗೆ ಸೈಕಲ್ ಕೊಡಿಸಿದ್ದೇನೆ, ಆದರೆ ಶಾಲೆಗೆ ಒಯ್ಯಲು ಬಿಟ್ಟಿಲ್ಲ. ಮಧ್ಯೆ ಒಂದು ದೊಡ್ಡ ಸರ್ಕಲ್ ಇದೆ, ನನಗೆ ಹೆದರಿಕೆ. ದಿನವೂ ಕಾರಿನಲ್ಲಿ ಬಿಟ್ಟು ಬರುತ್ತೇನೆ. ಅಂದರೆ ಬೇರೆಯವರ ಮಕ್ಕಳಿಗೆ ಆ ಸರ್ಕಲ್ಲನ್ನು ಇನ್ನಷ್ಟು ಅಪಾಯಕಾರಿ ಮಾಡಿ ಬರುತ್ತೇನೆ.

ಆದ್ದರಿಂದ ಒಳ್ಳೆಯ ಸೈಕಲ್ ನಗರಕ್ಕೆ ನನ್ನ ಅಳತೆಗೋಲು ಇಷ್ಟೇ: ಹದಿಮೂರು ವರ್ಷದ ಹುಡುಗಿ ಒಬ್ಬಳೇ ಶಾಲೆಗೆ ಸೈಕಲ್ಲಿನಲ್ಲಿ ಹೋಗಿ ಬರಬಲ್ಲಳೇ? ಅದಕ್ಕೆ ಬೇಕಾದದ್ದು ಬಣ್ಣವಲ್ಲ. ಬಡಾವಣೆಯೊಳಗೆ ವಾಹನಗಳ ವೇಗ 30 ಕಿಲೋಮೀಟರ್ ಮೀರಬಾರದು. ದೊಡ್ಡ ರಸ್ತೆಯಲ್ಲಿ ಕಾರು ಹತ್ತಲಾರದಂಥ ಕಟ್ಟೆಯ ಆಚೆಗೆ ದಾರಿ ಇರಬೇಕು. ಆ ದಾರಿ ಸರ್ಕಲ್ ಬಂದ ಕೂಡಲೇ ಮಾಯವಾಗಬಾರದು, ಏಕೆಂದರೆ ಅದು ಹೆಚ್ಚು ಬೇಕಾದದ್ದೇ ಅಲ್ಲಿ. ರಸ್ತೆ ಬದಿಯ ಬಿಟ್ಟಿ ಪಾರ್ಕಿಂಗ್ ನಿಲ್ಲಬೇಕು, ನನ್ನ ಕಾರಿನದೂ ಸೇರಿ.

'ಕಾರು ಎಲ್ಲಿ ನಿಲ್ಲಿಸಲಿ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ 'ಮಗು ಎಲ್ಲಿ ಸೈಕಲ್ ತುಳಿಯಲಿ?' ಎಂಬ ಪ್ರಶ್ನೆಗೆ ಮೊದಲು ಉತ್ತರ ಹೇಳಿ, ಆಮೇಲೆ ಅದರ ಮಾತಾಡೋಣ.